ಕಪ್ಪತಗುಡ್ಡದ ಸೆರಗಿನಲ್ಲಿ ಅಪ್ಪನ ಜೊತೆ ಜಿಯೋಕ್ಯಾಶಿಂಗ್: ಸರಪಳಿ ಹಿಡಿದ ಕೈಗೆ ಜಿಪಿಎಸ್

ಮಸಾರಿ ಮಗಳು, ಗದಗ

ಗುಡಿ, ಜಾತ್ರೆ ಬಿಟ್ಟರೆ ಮನೆಯ ಹಿರಿಯರನ್ನು ಕರೆದುಕೊಂಡು ಹೋಗುವಂಥದ್ದು ಗದಗ ಸುತ್ತಮುತ್ತ ಏನಿದೆ ಅಂತ ಈ ವೇದಿಕೆಯಲ್ಲಿ ಆಗಾಗ ಯಾರಾದರೂ ಕೇಳುತ್ತಿರುತ್ತಾರೆ. ನನ್ನ ಉತ್ತರ ಜಿಯೋಕ್ಯಾಶಿಂಗ್. ನಿಮ್ಮ ಅಪ್ಪನೋ ಕಾಕಾನೋ ಸರ್ವೇ, ನೀರಾವರಿ, ಅರಣ್ಯ, ಕರೆಂಟಿನ ಲೈನು ಅಂತ ನೆಲ ತುಳಿದು ದುಡಿದವರಾಗಿದ್ದರೆ ಇನ್ನೂ ಚಲೋ. ನಮ್ಮಪ್ಪ ಸರ್ವೇಯರ್ ಆಗಿ ನಿವೃತ್ತರಾದವರು. ದೀಪಾವಳಿ ಮುಗಿದ ಮೇಲೆ, ಬಿಸಿಲು ಇನ್ನೂ ಹದವಾಗಿದ್ದಾಗ ಅವರನ್ನು ಕರೆದುಕೊಂಡು ಹೋಗಿದ್ದೆ. ಅವತ್ತು ಆದದ್ದನ್ನು ಬರೆಯುತ್ತೇನೆ, ಉದ್ದ ಆದರೆ ಬೇಸರ ಮಾಡಿಕೊಳ್ಳಬೇಡಿ.

ಆಟ ಗೊತ್ತಿಲ್ಲದವರಿಗೆ ಮೊದಲು ಎರಡು ಮಾತು. ಯಾರೋ ಒಬ್ಬರು ಒಂದು ಡಬ್ಬಿಯಲ್ಲಿ ಸಣ್ಣ ನೋಟ್‌ಬುಕ್ ಹಾಕಿ ಹೊರಗೆಲ್ಲೋ ಮರೆಮಾಡಿ ಇಡುತ್ತಾರೆ. ಆ ಜಾಗದ ಅಕ್ಷಾಂಶ, ರೇಖಾಂಶವನ್ನು ಜಾಲತಾಣದಲ್ಲಿ ಹಾಕುತ್ತಾರೆ. ಉಳಿದವರು ಜಿಪಿಎಸ್ ನೋಡಿಕೊಂಡು ಹುಡುಕಿ, ಪುಸ್ತಕದಲ್ಲಿ ಹೆಸರು, ತಾರೀಖು ಬರೆದು, ಡಬ್ಬಿಯನ್ನು ಇದ್ದಲ್ಲೇ ಇದ್ದ ಹಾಗೆ ಇಟ್ಟು ಬರಬೇಕು. ಒಳಗೆ ಆಟಿಕೆ, ನಾಣ್ಯ ಏನಾದರೂ ಇದ್ದು ನೀವು ತೆಗೆದುಕೊಂಡರೆ ಅಷ್ಟೇ ಬೆಲೆಯದ್ದನ್ನೋ ಹೆಚ್ಚಿನದ್ದನ್ನೋ ಇಡಬೇಕು. ತಿನ್ನುವ ಪದಾರ್ಥ ಇಡುವ ಹಾಗಿಲ್ಲ, ಪ್ರಾಣಿಗಳು ಡಬ್ಬಿ ಕಚ್ಚಿ ಒಡೆಯುತ್ತವೆ. ಜಾಗದ ಒಡೆಯರ ಸ್ಪಷ್ಟ ಅನುಮತಿ ಇಲ್ಲದೆ ನೆಲ ಅಗೆಯುವ ಹಾಗಂತೂ ಇಲ್ಲವೇ ಇಲ್ಲ. ಈ ಕೊನೆಯ ನಿಯಮ ನಮ್ಮ ಸೀಮೆಯಲ್ಲಿ ಎಷ್ಟು ಮುಖ್ಯ ಅನ್ನೋದನ್ನ ಮುಂದೆ ಹೇಳುತ್ತೇನೆ.

ಆಟ ಹುಟ್ಟಿದ್ದು 2000ನೇ ಇಸವಿಯಲ್ಲಿ. ಆವರೆಗೆ ಅಮೆರಿಕ ಸರಕಾರ ಸಾಮಾನ್ಯರಿಗೆ ಸಿಗುವ ಜಿಪಿಎಸ್ ಸಂಕೇತದಲ್ಲಿ ಬೇಕಂತಲೇ ತಪ್ಪು ಸೇರಿಸುತ್ತಿತ್ತು. ಅದರಿಂದ ನೂರು ಮೀಟರಿನಷ್ಟು ಆಚೀಚೆ ಆಗಬಹುದಿತ್ತು. ಮೇ 2ಕ್ಕೆ ಅದನ್ನು ನಿಲ್ಲಿಸಿದರು. ಮೇ 3ಕ್ಕೆ ಆರೆಗಾನ್ ರಾಜ್ಯದ ಬೀವರ್‌ಕ್ರೀಕ್ ಹತ್ತಿರ ಡೇವ್ ಅಲ್ಮರ್ ಅನ್ನುವವರು ಒಂದು ಬಕೆಟ್ ಇಟ್ಟು ಅದರ ಅಂಕಿಗಳನ್ನು ಅಂತರ್ಜಾಲದಲ್ಲಿ ಹಾಕಿದರು. ಇದನ್ನು ಅಪ್ಪನಿಗೆ ದಾರಿಯಲ್ಲಿ ಹೇಳಿದಾಗ ಅವರು ಒಂದು ಕ್ಷಣ ಲೆಕ್ಕ ಹಾಕಿ, “ನೂರು ಮೀಟರ್ ಅಂದ್ರ ಹತ್ತು ಸರಪಳಿ. ಅಷ್ಟು ತಪ್ಪಿದ್ರ ಒಬ್ಬನ ಹೊಲ ಮತ್ತೊಬ್ಬಂದು ಆಗತೈತಿ. ಈಗೆಷ್ಟು ತಪ್ಪತೈತಿ?” ಅಂದರು. ಬಯಲಿನಲ್ಲಿ ಫೋನು ಸುಮಾರು ಐದು ಮೀಟರ್ ಅಂದೆ. “ಅರ್ಧ ಸರಪಳಿ. ಎಂಟಾಣಿ. ಹಂಗಿದ್ರ ನಡೀತೈತಿ.”

ಇಲ್ಲಿನ ಹುಡುಗರಿಗೆ ಈ ಮಾತು ಅರ್ಥ ಆಗಲಿಕ್ಕಿಲ್ಲ. ನಮ್ಮ ಹಿಂದಿನ ಮುಂಬಯಿ ಕರ್ನಾಟಕದ, ಅಂದರೆ ಈಗಿನ ಕಿತ್ತೂರು ಕರ್ನಾಟಕದ ಅಳತೆಯಲ್ಲಿ ಸರಪಳಿ ಅಂದರೆ 33 ಅಡಿ, ಅದರಲ್ಲಿ 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಆದರೆ ಗುಂಟೆ, ಅಂದರೆ 1089 ಚದರ ಅಡಿ. 40 ಗುಂಟೆಗೆ ಎಕರೆ. ನಮ್ಮ ಮನೆ-ಹೊಲದ ಉತಾರದಲ್ಲಿ ಇವತ್ತಿಗೂ ಇರುವ ಎಕರೆ-ಗುಂಟೆ ಅಂಕಿಗಳೆಲ್ಲ ಹೀಗೆ ಸರಪಳಿ ಎಳೆದು ಬಂದವು.

ಗದಗ ಬಿಟ್ಟು ಮುಂಡರಗಿ ರಸ್ತೆ ಹಿಡಿದೆವು. ಡಂಬಳದ ಹತ್ತಿರ ಬಂದಂತೆ ಕಪ್ಪು ಮಣ್ಣಿನ ಎರಿ ಹೊಲ ಮುಗಿದು ಕೆಂಪು ಮಣ್ಣಿನ ಮಸಾರಿ ಶುರುವಾಗುತ್ತದೆ. ಅಪ್ಪ ಕಾರು ನಿಲ್ಲಿಸಲು ಹೇಳಿ ಆ ಬಣ್ಣ ಬದಲಾಗುವ ಗೆರೆಯನ್ನು ತೋರಿಸಿದರು. ಮಳೆ ಬಿದ್ದ ಮರುದಿನ ಎರಿಯಲ್ಲಿ ಸರಪಳಿ ಎಳೆಯುವುದು ಎಷ್ಟು ಕಷ್ಟ, ಕಡಿಗಳ ಸಂದಿನಲ್ಲಿ ಮಣ್ಣು ತುಂಬಿ ಅಳತೆ ಹೇಗೆ ಕೆಡುತ್ತದೆ ಅಂತ ಹೇಳಿದರು. ಡಂಬಳದ ದೊಡ್ಡಬಸಪ್ಪನ ಗುಡಿ ನೋಡದೆ ಮುಂದೆ ಹೋಗಲು ಅವರು ಒಪ್ಪಲಿಲ್ಲ. ಹನ್ನೆರಡನೇ ಶತಮಾನದ ಕಲ್ಯಾಣ ಚಾಲುಕ್ಯರ ಗುಡಿ, ನಕ್ಷತ್ರದಂತೆ 24 ಮೂಲೆಯ ತಳವಿನ್ಯಾಸ. ಒಂದು ಚೌಕವನ್ನು ನಡುಬಿಂದುವಿನ ಸುತ್ತ 15 ಡಿಗ್ರಿ, ಮತ್ತೆ 15 ಡಿಗ್ರಿ ಅಂತ ತಿರುಗಿಸುತ್ತಾ ಹೋದರೆ ಆ 24 ಮೂಲೆಗಳು ಬರುತ್ತವೆ. ಅಪ್ಪ ಅದನ್ನು ನನ್ನ ನೋಟ್‌ಬುಕ್ಕಿನ ಹಾಳೆಯಲ್ಲಿ ಗೆರೆ ಹಾಕಿ ತೋರಿಸಿದರು. ಗುಡಿಯ ಸುತ್ತ ನಡೆಯುವಾಗ ಪ್ರತಿ ಮೂಲೆಯನ್ನು ಬೆರಳಿನಿಂದ ಮುಟ್ಟದೆ, ಕಣ್ಣಿನಲ್ಲೇ ಎಣಿಸಿದರು. ಅವರ ಜೊತೆ ಈ ಗುಡಿಗೆ ಚಿಕ್ಕವಳಿದ್ದಾಗಲೂ ಬಂದಿದ್ದೇನೆ, ಆದರೆ ಅವರು ಗುಡಿಯನ್ನು ಅಳತೆಗಾರನಾಗಿ ನೋಡುವುದನ್ನು ಕಂಡದ್ದು ಈಗಲೇ.

ಡಬ್ಬಿ ಇದ್ದದ್ದು ಕಪ್ಪತಗುಡ್ಡದ ಬುಡದಲ್ಲಿ, ಅಭಯಾರಣ್ಯದ ಹೊರಗೆ, ಒಬ್ಬ ರೈತರ ಹೊಲದ ಅಂಚಿನ ಕಲ್ಲುದಿಬ್ಬದ ಮೇಲೆ. ಹೊಲದವರ ಒಪ್ಪಿಗೆ ಇದೆ ಅಂತ ಜಾಲತಾಣದಲ್ಲಿ ಆ ಡಬ್ಬಿಯ ಪುಟದಲ್ಲೇ ಬರೆದಿತ್ತು. ಹುಡುಕುವ ಕಷ್ಟ 2, ನೆಲದ ಕಷ್ಟ 3. ಎರಡಕ್ಕೂ 1ರಿಂದ 5ರವರೆಗೆ ಅಂಕ ಕೊಡುತ್ತಾರೆ. ನೆಲ 3 ಅಂದರೆ ಏರು-ಇಳಿವು ಇದೆ, ಆದರೂ ಅಪ್ಪ ಕೋಲು ಹಿಡಿದು ನಿಧಾನಕ್ಕೆ ಹತ್ತಿದರು.

ದಿಬ್ಬದ ಹತ್ತಿರ ಬಂದಾಗ ಫೋನಿನ ಬಾಣ ಕೆಟ್ಟಿತು. ಒಮ್ಮೆ ಪೂರ್ವಕ್ಕೆ, ಎರಡು ಹೆಜ್ಜೆ ಇಟ್ಟರೆ ದಕ್ಷಿಣಕ್ಕೆ. ಅಲ್ಲಿನ ಕಲ್ಲು ಕೆಂಪು-ಕಪ್ಪು ಪಟ್ಟಿಪಟ್ಟಿ, ಎತ್ತಿದರೆ ಗಾತ್ರಕ್ಕಿಂತ ಭಾರ. ಕಬ್ಬಿಣದ ಕಲ್ಲು. ಫೋನಿನ ಒಳಗಿನ ದಿಕ್ಸೂಚಿ ಅಯಸ್ಕಾಂತದ ಮೇಲೆ ನಡೆಯುತ್ತದೆ, ಅದಕ್ಕೆ ಅಲ್ಲಿ ದಿಕ್ಕು ತಪ್ಪುತ್ತದೆ. ಉಪಗ್ರಹದಿಂದ ಬರುವ ಅಂಕಿಗೆ ಮಾತ್ರ ಏನೂ ಆಗುವುದಿಲ್ಲ. ಅಂದರೆ ಎಷ್ಟು ದೂರ ಅನ್ನುವುದು ಸರಿ, ಯಾವ ಕಡೆ ಅನ್ನುವುದು ತಪ್ಪು.

ಅಪ್ಪ ಫೋನು ಇಸಿದುಕೊಂಡು ನೋಡಿ ನನಗೇ ವಾಪಸ್ ಕೊಟ್ಟರು. “ಯವ್ವಾ, ಬಾಣ ನೋಡಬ್ಯಾಡ. ದೂರ ಅಷ್ಟೇ ಓದು. ನಮ್ಮ ಅಳತಿಗೆ ಉತ್ತರ ದಿಕ್ಕು ಎಲ್ಲಿ ಬೇಕಿತ್ತು? ನೆಟ್ಟಗ ಒಂದು ಗೆರಿ ಹಿಡಿ.”

ಎದುರಿಗೆ ಗುಡ್ಡದ ಮೇಲಿನ ಒಂದು ಗಾಳಿಯಂತ್ರವನ್ನು ಗುರುತು ಮಾಡಿಕೊಂಡು ಅದರ ಕಡೆಗೆ ನೆಟ್ಟಗೆ ನಡೆಯಲು ಹೇಳಿದರು. ನಾನು ಓದುತ್ತಾ ಹೋದೆ: 42, 35, 27, 20, 18. ಮುಂದಿನ ಹೆಜ್ಜೆಗೆ 19, ಆಮೇಲೆ 21. “ನಿಲ್ಲು. ಹಿಂದ ಬಾ. 18 ಇದ್ದಲ್ಲೇ ಕಲ್ಲಿಡು.” ಹೆಜ್ಜೆ ಹೆಜ್ಜೆಗೂ ನಿಂತು, ಅಂಕಿ ತಣ್ಣಗಾಗುವವರೆಗೆ ಕಾಯಬೇಕು. ಫೋನು ಯಾವಾಗಲೂ ನಮ್ಮ ನಡಿಗೆಗಿಂತ ಸ್ವಲ್ಪ ಹಿಂದೆ ಇರುತ್ತದೆ.

ಗೆರೆಯ ಮೇಲೆ ದೂರ ಎಲ್ಲಿ ಅತಿ ಕಡಿಮೆಯೋ ಅಲ್ಲಿಂದ ಡಬ್ಬಿ ಸರಿಯಾಗಿ ಲಂಬಕ್ಕೆ ಇರಲೇಬೇಕು. ಎಡಕ್ಕೋ ಬಲಕ್ಕೋ, ಎರಡೇ ದಾರಿ. ಅಪ್ಪ ಕಲ್ಲಿನ ಮೇಲೆ ನಿಂತು ಎರಡೂ ಕೈಯನ್ನು ಗೆರೆಯ ಉದ್ದಕ್ಕೆ ಚಾಚಿದರು, ಆಮೇಲೆ ಕಣ್ಣು ಮುಚ್ಚಿ ಎರಡೂ ಅಂಗೈಯನ್ನು ಎದೆಯ ಮುಂದೆ ನೆಟ್ಟಗೆ ಸೇರಿಸಿದರು. ಬೆರಳು ತೋರಿದ ಕಡೆಯೇ ಲಂಬ. ಸರ್ವೇಯಲ್ಲಿ ಇದಕ್ಕೆ ಕ್ರಾಸ್ ಸ್ಟಾಫ್ ಅನ್ನುವ ಸಾಧನ ಇತ್ತು, ಕೋಲಿನ ತುದಿಗೆ ಅಡ್ಡ ಸೀಳಿರುವ ತಲೆ. ಅದು ಕೈಯಲ್ಲಿ ಇಲ್ಲದಾಗ ತೋಳೇ ಸಾಧನ. ಬಲಕ್ಕೆ ನಡೆದೆವು, ಅಂಕಿ ಇಳಿಯಿತು. 18 ಮೀಟರ್ ಇದ್ದದ್ದು 4ಕ್ಕೆ ಬಂದು ಅಲ್ಲೇ ಆಡತೊಡಗಿತು.

ನಾಲ್ಕು ಮೀಟರಿನ ಒಳಗೆ ಇನ್ನು ಫೋನಿನ ಕೆಲಸ ಇಲ್ಲ. ಅಲ್ಲಿ ಕಲ್ಲೋ ಕಲ್ಲು. ಅಪ್ಪ ಯಾವುದನ್ನೂ ಮುಟ್ಟದೆ ಸುತ್ತ ಒಮ್ಮೆ ನೋಡಿ ಕೋಲಿನಿಂದ ಒಂದನ್ನು ತೋರಿಸಿದರು. “ಬಿಸಿಲು, ಮಳಿ ಉಂಡ ಮೈ ಬ್ಯಾರೆ, ನೆಲದಾಗಿದ್ದ ಮೈ ಬ್ಯಾರೆ. ಇದರ ನೆಲದ ಮೈ ಮ್ಯಾಲ ಬಂದೈತಿ. ಯಾರೋ ಎತ್ತಿ ಇಟ್ಟಾರ.” ಹೊಲದ ಗಡಿ ಗುರುತಿಸುವ ಬಾಂದುಕಲ್ಲನ್ನು ರಾತ್ರೋರಾತ್ರಿ ಸರಿಸಿ ಪಕ್ಕದವನ ಹೊಲ ಒತ್ತುವವರ ತಂಟೆ ನೋಡಿ ನೋಡಿ ಅವರಿಗೆ ಆ ಕಣ್ಣು ಬಂದಿದೆ. ಕೋಲಿನಿಂದ ಕಲ್ಲು ಸರಿಸಿದೆವು, ಹಿಂದೆ ಊಟದ ಡಬ್ಬಿಯಷ್ಟು ಪ್ಲಾಸ್ಟಿಕ್ ಪೆಟ್ಟಿಗೆ.

ಪುಸ್ತಕದಲ್ಲಿ ನಾನು ಹೆಸರು ಬರೆದೆ. ಅಪ್ಪ ತಮ್ಮ ಹೆಸರು, ಊರು, ತಾರೀಖು ಬರೆದು ಕೆಳಗೆ “ಸ್ಥಳಕ್ಕೆ ಬಂದು ನೋಡಿದೆ, ಅಳತೆ ಸರಿ ಇದೆ” ಅಂತ ಬರೆದು ಸಹಿ ಮಾಡಿದರು.

ಅಷ್ಟೊತ್ತಿಗೆ ಕುರಿ ಮೇಯಿಸುವ ಹಿರಿಯರೊಬ್ಬರು ನಾಯಿ ಜೊತೆ ಮೇಲೆ ಬಂದರು. ದೂರದಿಂದಲೇ ನೋಡುತ್ತಿದ್ದರಂತೆ. “ಏನ್ ಹುಡುಕಾಕತ್ತೀರಿ ಯಜಮಾನ್ರ? ನಿಧಿ ಏನು?” ದನಿಯಲ್ಲಿ ಸಿಟ್ಟಿತ್ತು. ಸಿಟ್ಟು ಬರಬೇಕಾದ್ದೇ. ನಮ್ಮ ಸೀಮೆಯಲ್ಲಿ ನಿಧಿ ಆಸೆಗೆ ಬಸವಣ್ಣನ ಮೂರ್ತಿ ಒಡೆದವರಿದ್ದಾರೆ, ಪಾಳುಗುಡಿಯ ಗರ್ಭಗುಡಿ ಅಗೆದವರಿದ್ದಾರೆ. ಅಪ್ಪ ಡಬ್ಬಿಯನ್ನು ಅವರ ಕೈಗೇ ಕೊಟ್ಟು, “ನೀವ ತಗದ ನೋಡ್ರಿ. ಪುಸ್ತಕ ಐತಿ, ಬಂದವರು ಹೆಸರು ಬರೀತಾರ. ಹೊಲದವರಿಗೆ ಗೊತ್ತೈತಿ” ಅಂದರು. ಅವರು ಒಂದೊಂದೇ ಸಾಮಾನು ತೆಗೆದು ನೋಡಿದರು. ಆಮೇಲೆ ಅಪ್ಪನ ಊರು ಕೇಳಿದರು, ಯಾವ ಯಾವ ಊರಲ್ಲಿ ಸರ್ವೇ ಮಾಡಿದ್ದೀರಿ ಅಂತ ಕೇಳಿದರು. ಕೊನೆಗೆ ನಾವು ನಾಲ್ವರೂ, ಹೊಲದವರೂ ಬಂದು ಸೇರಿದ್ದರು, ಬೇವಿನ ನೆರಳಲ್ಲಿ ಕುಳಿತು ರೊಟ್ಟಿ, ಬದನಿಕಾಯಿ ಎಣ್ಣಿಗಾಯಿ, ಶೇಂಗಾ ಚಟ್ನಿ ಬಿಚ್ಚಿದೆವು. ಮೂರು ಊರಿನ ಸೀಮೆ ಕೂಡುವ ಕಲ್ಲು ಎಲ್ಲಿದೆ ಅಂತ ಆ ಹಿರಿಯರಿಗೂ ಅಪ್ಪನಿಗೂ ಅರ್ಧ ತಾಸು ಚರ್ಚೆ ನಡೆಯಿತು. ಇಬ್ಬರೂ ಸೇರಿ ಹೋಗಿ ಅದನ್ನು ತೋರಿಸಿದರು.

ನಾನು ಇಲ್ಲಿ ಕೇಳಬೇಕೆಂದಿರುವುದು ಇದು: ನಮ್ಮ ಭಾಗದಲ್ಲಿ ಇಂಥ ಡಬ್ಬಿಗಳು ತೀರಾ ಕಡಿಮೆ. ನಾವೇ ಕೆಲವನ್ನು ಇಡಬೇಕು, ಇಡುವಾಗ ಅಪ್ಪನಂಥವರನ್ನು ಕೇಳಿ ಜಾಗ ಆರಿಸಬೇಕು ಅಂತ ನನ್ನ ಆಸೆ. ಏನಂತೀರಿ?

ಹುಬ್ಬಳ್ಳಿ ಜಂಕ್ಷನ್

ಓದಿ ಭಾಳ ಖುಷಿ ಆತ್ರಿ ಅಕ್ಕಾರ. ಆ ಡಬ್ಬಿದು ಜಾಗಾ ಎಲ್ಲಿ ಅಂತ ಇಲ್ಲೇ ಹಾಕ್ರಿ, ಈ ಭಾನುವಾರ ನಮ್ಮಪ್ಪಾರನ್ನ ಕರಕೊಂಡು ಹೋಗ್ತೀನಿ.

ಮಸಾರಿ ಮಗಳು, ಗದಗ

ಇಲ್ಲಿ ಹಾಕುವುದಿಲ್ಲರೀ ಅಣ್ಣಾರ. ಜಿಯೋಕ್ಯಾಶಿಂಗ್ ಜಾಲತಾಣದಲ್ಲಿ ಉಚಿತ ಖಾತೆ ತೆರೆದರೆ ನಕಾಶೆಯಲ್ಲಿ ಸುತ್ತಮುತ್ತ ಇರುವವು ಕಾಣುತ್ತವೆ. ಅಲ್ಲಿಂದ ಹೋದವರು ನಿಯಮ ಓದಿಕೊಂಡು ಹೋಗುತ್ತಾರೆ. ಇಲ್ಲಿ ಅಂಕಿ ಬರೆದರೆ ಕುತೂಹಲಕ್ಕೆ ಹೋದವರು ಡಬ್ಬಿ ಮನೆಗೆ ಒಯ್ದುಬಿಡುತ್ತಾರೆ.

ಗುಡ್ಡದ ಗಾಳಿ

ಅಕ್ಕಾ, ಬರವಣಿಗೆ ಚಲೋ ಐತಿ, ನಿಮ್ಮಪ್ಪಾರ ಬಗ್ಗೆ ಗೌರವ ಐತಿ. ಆದರ ನೀವು ಕೊನೆಗೆ ಕೇಳಿದ್ದಕ್ಕ ನನ್ನ ಉತ್ತರ: ಕಪ್ಪತಗುಡ್ಡದಾಗ ಬ್ಯಾಡ. ಯಾಕ ಬ್ಯಾಡ ಅಂತ ಪೂರಾ ಹೇಳ್ತೀನಿ.

ಈ ಗುಡ್ಡ ಉಳಕೊಂಡದ್ದು ಸುಮ್ಮನ ಅಲ್ಲ. 2015ರಾಗ ಸಂರಕ್ಷಿತ ಪ್ರದೇಶ ಅಂತ ಘೋಷಣೆ ಆತು, 2016ರಾಗ ಸರಕಾರ ಅದನ್ನ ವಾಪಸ್ ತಗೊಂತು. ಗದಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿ ಮುಂದ ನಿಂತು ಹೋರಾಟ ನಡಸಿದ್ರು, ಹಳ್ಳಿ ಹಳ್ಳಿಯಿಂದ ಮಂದಿ ಬಂದು ಧರಣಿ ಕುಂತ್ರು, 2017ರಾಗ ಮತ್ತ ಸಂರಕ್ಷಣೆ ಸಿಕ್ತು. 2019ರಾಗ 244 ಚದರ ಕಿಲೋಮೀಟರ್ ವನ್ಯಜೀವಿ ಅಭಯಾರಣ್ಯ ಆತು. ನಾನೂ ಆವಾಗ ಗದಗಿನ್ಯಾಗ ಕುಂತವನು. ಇದರಾಗ ಕತ್ತೆಕಿರುಬ, ತೋಳ, ಚಿರತಿ, ನಾಲ್ಕು ಕೋಡಿನ ಹುಲ್ಲೆ ಅದಾವ. ಔಷಧಿ ಗಿಡ ಎಷ್ಟದಾವ ಅನ್ನೂದನ್ನ ವೈದ್ಯ ಮನೆತನದವರನ್ನ ಕೇಳ್ರಿ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಭಯಾರಣ್ಯದ ಒಳಗ ಸಾರ್ವಜನಿಕ ರಸ್ತೆ ಹಿಡಿದು ದಾಟಿ ಹೋಗಬಹುದು, ರಸ್ತೆ ಬಿಟ್ಟು ತಿರುಗಾಡಬೇಕಂದ್ರ ಪರವಾನಗಿ ಬೇಕು. ಜಿಯೋಕ್ಯಾಶಿಂಗ್ ಅಂದ್ರ ರಸ್ತೆ ಬಿಟ್ಟು ಕಲ್ಲಿನ ಸಂದಿ ನೋಡೂ ಆಟ. ಒಬ್ಬರು ಹೋದ್ರ ಕಾಲುದಾರಿ ಆಗೂದಿಲ್ಲ, ಐವತ್ತು ಮಂದಿ ಹೋದ್ರ ಆಗತೈತಿ. ಬೇಸಿಗ್ಯಾಗ ಒಣಹುಲ್ಲಿಗೆ ಒಂದು ಬೀಡಿ ತುಂಡು ಸಾಕು, ಗುಡ್ಡಕ್ಕ ಗುಡ್ಡ ಸುಡತೈತಿ. ಅದನ್ನ ಆರಸಾಕ ಹಸರ ತೊಪ್ಪಲ ಹಿಡಕೊಂಡು ಹೋಗೂ ನಮ್ಮಂಥವರಿಗೆ ಗೊತ್ತು ಆ ಸಂಕಟ. ಕಲ್ಲು ಎತ್ತಿದ್ರ ಅದರ ಕೆಳಗ ಇರೂ ಹಲ್ಲಿ, ಚೇಳು, ಹಾವಿನ ಮನಿ ಹೋತು.

ನೀವು ಹೊರಗ ಇದ್ದ ಡಬ್ಬಿಗೆ ಹೋಗೀರಿ, ಅದು ಸರಿ. ಒಳಗ ಇಡೂ ಮಾತು ಬ್ಯಾಡ.

ಮಸಾರಿ ಮಗಳು, ಗದಗ

ಅಣ್ಣಾ, ನೂರಕ್ಕೆ ನೂರು ಒಪ್ಪುತ್ತೇನೆ. ನನ್ನ ಮನಸ್ಸಿನಲ್ಲೂ ಅಭಯಾರಣ್ಯದ ಒಳಗೆ ಇಡುವ ಯೋಚನೆ ಇಲ್ಲ. ಆಟದ ನಿಯಮದಲ್ಲೂ ಜಾಗದ ಒಡೆಯರ ಅನುಮತಿ ಬೇಕು, ಸ್ಥಳೀಯ ಕಾನೂನು ಮೀರಬಾರದು ಅಂತಿದೆ. ಪ್ರಕಟಿಸುವ ಮೊದಲು ಸ್ವಯಂಸೇವಕರು ನೋಡುತ್ತಾರೆ, ಆದರೆ ಎಲ್ಲೋ ಕುಳಿತವರಿಗೆ ನಮ್ಮ ಗುಡ್ಡದ ಗಡಿ ಎಲ್ಲಿ ಬರುತ್ತದೆ ಅಂತ ಗೊತ್ತಾಗಲಿಕ್ಕಿಲ್ಲ. ಆ ಜವಾಬ್ದಾರಿ ನಮ್ಮದೇ. ಅದಕ್ಕೇ ನಾನು ಸರ್ವೇ ಗೊತ್ತಿದ್ದವರನ್ನು ಕೇಳಿ ಇಡಬೇಕು ಅಂದದ್ದು. ಅರಣ್ಯದ ಗಡಿ, ಗಾಯರಾಣ (ದನ ಮೇಯುವ ಸರಕಾರಿ ಜಾಗ), ಖಾಸಗಿ ಹೊಲ ಎಲ್ಲಿಂದ ಎಲ್ಲಿಗೆ ಅನ್ನುವುದು ಅವರಿಗೆ ನಿಂತ ನೆಲದಲ್ಲೇ ಗೊತ್ತಿರುತ್ತದೆ.

ಲಕ್ಕುಂಡಿ ಹುಡುಗ

ನಿಧಿ ಮಾತು ಬಂತಲ್ಲ, ನಾನು ಹೇಳಲೇಬೇಕು. ನಮ್ಮೂರಲ್ಲಿ ಗುಡಿಗಳೂ ಬಾವಿಗಳೂ ಹೆಜ್ಜೆಗೊಂದು. ಹೊರಗಿನವರು ಫೋನು ಹಿಡಿದು ಗುಡಿಯ ಹಿಂದೆ ಕಲ್ಲು ಕೆದಕುತ್ತಿದ್ದರೆ ಊರವರು ಸುಮ್ಮನೆ ನೋಡುತ್ತಾ ನಿಲ್ಲುವುದಿಲ್ಲ. ಅಮಾವಾಸ್ಯೆ ಹತ್ತಿರ ಇದ್ದರೆ ಕೇಳುವುದೇ ಬೇಡ. ಇದಕ್ಕೆ ಊರವರನ್ನು ಬೈಯುವ ಹಾಗಿಲ್ಲ. ಎಷ್ಟೋ ಶಾಸನ, ಎಷ್ಟೋ ವೀರಗಲ್ಲು ಈ ನಿಧಿ ಹುಚ್ಚಿಗೆ ಪುಡಿಯಾಗಿವೆ. ನೆಲದಲ್ಲಿ ಸಿಕ್ಕ ನಿಧಿಯನ್ನು ಸರಕಾರಕ್ಕೆ ತಿಳಿಸಬೇಕು ಅಂತ ಕರ್ನಾಟಕದಲ್ಲಿ 1962ರ ಕಾಯ್ದೆ ಇದೆ. ಆದರೂ ಕದ್ದು ಅಗೆಯುವವರು ನಿಂತಿಲ್ಲ.

ಹಾಗಾಗಿ ನನ್ನ ಅಭಿಪ್ರಾಯ, ಈ ಆಟವನ್ನು ನಮ್ಮ ಕಡೆ ‘ನಿಧಿ ಹುಡುಕುವ ಆಟ’ ಅಂತ ಯಾರಿಗೂ ಪರಿಚಯ ಮಾಡಿಕೊಡಬೇಡಿ. ಆ ಮಾತು ಕಿವಿಗೆ ಬಿದ್ದರೆ ಡಬ್ಬಿ ಇದ್ದ ಜಾಗವನ್ನು ಯಾರೋ ರಾತ್ರಿ ಬಂದು ಅಗೆಯುತ್ತಾರೆ. ‘ಹೆಸರು ಬರೆಯುವ ಡಬ್ಬಿ’ ಅನ್ನಿ, ‘ಪುಸ್ತಕದ ಡಬ್ಬಿ’ ಅನ್ನಿ. ಪೆಟ್ಟಿಗೆ ಒಳಗೆ ಕಾಣುವಂತೆ ಪಾರದರ್ಶಕ ಇರಲಿ. ಮುಚ್ಚಳದ ಮೇಲೆ ಕನ್ನಡದಲ್ಲೇ, ದಪ್ಪ ಅಕ್ಷರದಲ್ಲಿ, ಇದು ಏನು, ಹೊಲದವರ ಒಪ್ಪಿಗೆ ಇದೆ, ಒಳಗೆ ಬೆಲೆಬಾಳುವ ಏನೂ ಇಲ್ಲ ಅಂತ ಬರೆದಿರಲಿ. ಇಂಗ್ಲಿಷಿನಲ್ಲಿ ಬರೆದು ಅಂಟಿಸಿದರೆ ಕುರಿ ಕಾಯುವವರಿಗೂ ಪೊಲೀಸರಿಗೂ ಅನುಮಾನ ಜಾಸ್ತಿ ಆಗುತ್ತದೆಯೇ ಹೊರತು ಕಡಿಮೆ ಆಗುವುದಿಲ್ಲ.

ಸ್ಮಾರಕಗಳ ಆವರಣದಲ್ಲಿ ಏನೂ ಇಡಬೇಡಿ. ಇದರಲ್ಲಿ ಚರ್ಚೆಯೇ ಇಲ್ಲ.

ಎರಿಹೊಲ

ಕೈ ಹಾಕೂ ಮೊದಲ ಕೋಲು ಹಾಕ್ರಿ. ಕಲ್ಲಿನ ಸಂದ್ಯಾಗ ಚೇಳು, ಮಂಡಲದ ಹಾವು ಇರತಾವ. ಚಪ್ಪಲಿ ಬ್ಯಾಡ, ಬೂಟು. ಇಷ್ಟ ನಂದು.

ಧಾರವಾಡದ ಮಾಸ್ತರ

ದಿಕ್ಸೂಚಿ ಕೆಟ್ಟ ವಿಷಯಕ್ಕೆ ಒಂದಿಷ್ಟು ಸೇರಿಸುತ್ತೇನೆ, ಯಾಕೆಂದರೆ ಈ ಗುಡ್ಡದ ಅತಿ ದೊಡ್ಡ ಸಂಗತಿ ಅದೇ.

ಆ ಪಟ್ಟಿಪಟ್ಟಿ ಕಲ್ಲು 250 ಕೋಟಿ ವರ್ಷಕ್ಕಿಂತ ಹಳೆಯದು. ಆಗಿನ ಸಮುದ್ರದ ತಳದಲ್ಲಿ ಸಿಲಿಕಾ ಒಂದು ಪದರ, ಕಬ್ಬಿಣ ಒಂದು ಪದರ ಅಂತ ಕೂತದ್ದು. ಅದರಲ್ಲಿ ಮ್ಯಾಗ್ನೆಟೈಟ್ ಅನ್ನುವ ಅಯಸ್ಕಾಂತ ಗುಣದ ಕಬ್ಬಿಣದ ಖನಿಜ ಇರುವ ಕಡೆ ದಿಕ್ಸೂಚಿಯ ಮುಳ್ಳು ಸರಿಯಾಗಿ ನಿಲ್ಲುವುದಿಲ್ಲ. ಇಡೀ ಜಗತ್ತಿನ ಭೂವಿಜ್ಞಾನಿಗಳು ದಕ್ಷಿಣ ಭಾರತದ ಈ ಹಳೆಯ ಶಿಲೆಗಳ ಗುಂಪಿಗೆ ಬಳಸುವ ಹೆಸರು ನಮ್ಮೂರಿನದು, ‘ಧಾರವಾಡ’. ಹತ್ತೊಂಬತ್ತನೇ ಶತಮಾನದಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್ ಇಟ್ಟದ್ದು. ನಮ್ಮ ಮಕ್ಕಳಿಗೆ ಧಾರವಾಡ ಅಂದರೆ ಪೇಢೆ, ಸಂಗೀತ, ವಿಶ್ವವಿದ್ಯಾಲಯ. ಅವೆಲ್ಲ ಇರಲಿ. ಕಾಲಡಿಯ ಕಲ್ಲಿಗೆ ತಮ್ಮೂರ ಹೆಸರಿದೆ ಅಂತ ಒಂದು ಮಗುವಿಗೂ ಗೊತ್ತಿಲ್ಲ ಅನ್ನುವುದು ನನಗೆ ಬಹಳ ನೋವಿನ ವಿಷಯ.

ಇದಕ್ಕೆ ಆಟದಲ್ಲೇ ಒಂದು ದಾರಿ ಇದೆ. ‘ಅರ್ಥ್‌ಕ್ಯಾಶ್’ ಅಂತ ಒಂದು ಬಗೆ, 2004ರಲ್ಲಿ ಶುರುವಾದದ್ದು. ಅದರಲ್ಲಿ ಡಬ್ಬಿಯೇ ಇರುವುದಿಲ್ಲ. ಅಂಕಿ ಹಿಡಿದು ಒಂದು ಜಾಗಕ್ಕೆ ಹೋಗಿ, ಅಲ್ಲಿನ ಕಲ್ಲು, ಮಣ್ಣು, ಪದರ ನೋಡಿ, ಕೇಳಿದ ಪ್ರಶ್ನೆಗಳಿಗೆ ಉತ್ತರ ಕಳಿಸಬೇಕು. ಏನನ್ನೂ ಇಡುವುದಿಲ್ಲ, ಎತ್ತುವುದಿಲ್ಲ, ಕಲ್ಲಿನ ಚೂರೂ ತರುವುದಿಲ್ಲ. ರಸ್ತೆ ಬದಿಯಲ್ಲೇ ಪದರ ಕಾಣುವ ಕಡೆ ಇದನ್ನು ಮಾಡಬಹುದು. ‘ಗುಡ್ಡದ ಗಾಳಿ’ಯವರಿಗೂ ತಕರಾರು ಇರಲಿಕ್ಕಿಲ್ಲ. ಪ್ರಶ್ನೆ ಹೀಗೆ ಕೇಳಬಹುದು: ಕೆಂಪು ಪಟ್ಟಿ ದಪ್ಪವೋ ಕಪ್ಪು ಪಟ್ಟಿ ದಪ್ಪವೋ? ಪಟ್ಟಿಗಳು ನೆಟ್ಟಗಿವೆಯೋ ಮಡಚಿವೆಯೋ? ಫೋನಿನ ಬಾಣ ಕಲ್ಲಿನಿಂದ ಎಷ್ಟು ಹೆಜ್ಜೆ ದೂರ ಹೋದಾಗ ಸರಿಯಾಯಿತು?

ಇನ್ನೊಂದು ಎಚ್ಚರಿಕೆ, ಇದು ಜೀವದ ಪ್ರಶ್ನೆ. ಗದಗ ಸೀಮೆಯಲ್ಲಿ ಹಿಂದೆ ಚಿನ್ನ ಅಗೆದಿದ್ದಾರೆ, ಅತ್ತಿಕಟ್ಟಿ, ಹೊಸೂರು, ಕಬಲಾಯತಕಟ್ಟಿ ಕಡೆ. ಹಳೆಯ ಗಣಿಗುಂಡಿಗಳ ಬಾಯಿ ಗಿಡಗಂಟಿಯಲ್ಲಿ ಮುಚ್ಚಿರುತ್ತದೆ. ಫೋನು ನೋಡುತ್ತಾ ನಡೆಯಬಾರದು. ನಿಂತು ನೋಡಬೇಕು, ಆಮೇಲೆ ನಡೆಯಬೇಕು.

ಹುಬ್ಬಳ್ಳಿ ಜಂಕ್ಷನ್

ಮಾಸ್ತರ, ನಮ್ಮ ಕಾಕಾರ ಹತ್ರ ಹಳೇದು ಸರ್ವೇ ಆಫ್ ಇಂಡಿಯಾದ ನಕಾಶೆ ಐತ್ರಿ. ಅದರಾಗಿನ ಅಕ್ಷಾಂಶ-ರೇಖಾಂಶ ಫೋನಿನ್ಯಾಗ ಹಾಕಿದ್ರ ಗುಡ್ಡದ ತುದಿ ಬ್ಯಾರೆ ಕಡೆ ಬರತೈತಿ. ಫೋನು ತಪ್ಪೋ ನಕಾಶೆ ತಪ್ಪೋ?

ಧಾರವಾಡದ ಮಾಸ್ತರ

ಎರಡೂ ಸರಿ. ಭೂಮಿ ಪೂರ್ತಿ ಗುಂಡಗಿಲ್ಲ, ಹಾಗಾಗಿ ಲೆಕ್ಕಕ್ಕೆ ಒಂದು ಆಕಾರ ಊಹಿಸಿಕೊಳ್ಳಬೇಕು. ಭಾರತದ ಮಹಾ ತ್ರಿಕೋನಮಿತೀಯ ಸರ್ವೇ, ಅಂದರೆ ತ್ರಿಕೋನ ಹಾಕಿ ದೇಶ ಅಳೆದ ಕೆಲಸ, 1802ರಲ್ಲಿ ಮದರಾಸಿನ ಬಳಿ ವಿಲಿಯಂ ಲ್ಯಾಂಬ್ಟನ್ ಕೈಯಲ್ಲಿ ಶುರುವಾಯಿತು. ಅವರ ನಂತರ ಬಂದ ಜಾರ್ಜ್ ಎವರೆಸ್ಟ್ ಲೆಕ್ಕ ಹಾಕಿದ ಆಕಾರದ ಮೇಲೆ ನಮ್ಮ ಹಳೆಯ ನಕಾಶೆಗಳು ನಿಂತಿವೆ. ಜಿಪಿಎಸ್ ಬಳಸುವುದು ಡಬ್ಲ್ಯುಜಿಎಸ್ 84 ಅನ್ನುವ ಬೇರೆ ಆಕಾರ. ಅದೇ ಜಾಗಕ್ಕೆ ಎರಡರಲ್ಲೂ ಅಂಕಿ ಬೇರೆ ಬರುತ್ತದೆ, ನಮ್ಮ ಕಡೆ ನೂರು ಮೀಟರಿಗಿಂತ ಹೆಚ್ಚೇ ವ್ಯತ್ಯಾಸ. ಹಳೆಯ ನಕಾಶೆಯ ಅಂಕಿಯನ್ನು ಪರಿವರ್ತಿಸದೆ ಡಬ್ಬಿ ಇಡಲು ಬಳಸಬೇಡಿ.

ಅಂಕಿ ಬರೆಯುವ ರೀತಿಯನ್ನೂ ನೋಡಿಕೊಳ್ಳಿ. ಈ ಆಟದಲ್ಲಿ ಡಿಗ್ರಿ, ಆಮೇಲೆ ನಿಮಿಷ, ನಿಮಿಷಕ್ಕೆ ಮೂರು ದಶಾಂಶ. ಅಕ್ಷಾಂಶದ ಒಂದು ನಿಮಿಷ ಅಂದರೆ ಸುಮಾರು 1.85 ಕಿಲೋಮೀಟರ್. ಮೂರನೇ ದಶಾಂಶ ಒಂದು ಅಂಕಿ ಬದಲಾದರೆ ಎರಡು ಮೀಟರಿನ ಒಳಗೆ. ಸೆಕೆಂಡಿನಲ್ಲಿ ಬರೆದದ್ದನ್ನು ದಶಾಂಶ ಅಂತ ಓದಿದರೆ ನೂರಾರು ಮೀಟರ್ ಆಚೆ ಹೋಗಿ ನಿಲ್ಲುತ್ತೀರಿ.

ಹಾವೇರಿ ಅವ್ವನ ಮಗ

ಎಲ್ಲರೂ ಅಪ್ಪನ ಬಗ್ಗೆನ ಬರೀತೀರಿ. ನಾನು ನಮ್ಮವ್ವನ್ನ ಕರಕೊಂಡು ಹೋಗಬೇಕು. ಮೊಣಕಾಲು ನೋವು ಐತಿ, ದಿಬ್ಬಾ ಹತ್ತಾಕ ಆಗೂದಿಲ್ಲ. ಸರ್ವೇ ಗಿರ್ವೇ ಗೊತ್ತಿಲ್ಲ. ಆಕಿಗೆ ಇದರಾಗ ಏನರ ಐತೇನ್ರಿ?

ಮಸಾರಿ ಮಗಳು, ಗದಗ

ಐತ್ರಿ ಅಣ್ಣಾರ, ಖಂಡಿತ ಐತಿ. ಪುಟದಲ್ಲಿ ನೆಲದ ಅಂಕ ನೋಡಿ. 1 ಅಂದರೆ ಗಾಲಿಕುರ್ಚಿಯಲ್ಲೂ ಹೋಗಬಹುದು ಅಂತ. ಒಂದೂವರೆ, ಎರಡರ ಒಳಗಿನವನ್ನು ಆರಿಸಿಕೊಳ್ಳಿ. ನೀರು, ನೆರಳು, ಹೆಣ್ಣುಮಕ್ಕಳಿಗೆ ಶೌಚಾಲಯ ಎಲ್ಲಿದೆ ಅಂತ ಮೊದಲೇ ನೋಡಿಟ್ಟುಕೊಳ್ಳಿ. ನಮ್ಮ ಅವ್ವ ಅವತ್ತು ಬರದೇ ಇರಲು ಅದೇ ಕಾರಣ. ನಾವು ಗಂಡಸರ ಅನುಕೂಲಕ್ಕೆ ತಕ್ಕಂತೆ ದಾರಿ ಹಾಕಿ, ಆಮೇಲೆ ‘ಅವ್ವಗ ಆಸಕ್ತಿ ಇಲ್ಲ’ ಅಂತೀವಿ.

ಸರ್ವೇ ಗೊತ್ತಿಲ್ಲದಿದ್ದರೆ ಏನಂತೆ? ಬದುವಿನ ಮೇಲಿನ ಯಾವ ಗಿಡ ತಾನಾಗೇ ಹುಟ್ಟಿದ್ದು, ಯಾವುದು ಹಚ್ಚಿದ್ದು, ಯಾವ ಹಾದಿ ಬಾವಿಗೆ ಹೋಗುತ್ತದೆ, ಎಲ್ಲಿ ಹುಲ್ಲು ತುಳಿದು ಬಾಗಿದೆ, ಇವೆಲ್ಲ ಹೊಲದಲ್ಲಿ ಕಳೆ ತೆಗೆದ ಕಣ್ಣಿಗೆ ನಮಗಿಂತ ಬೇಗ ಕಾಣುತ್ತವೆ. ಹುಡುಕುವ ಕೆಲಸ ಅವರಿಗೆ ಬಿಡಿ. ‘ಇಲ್ಲೇ ಐತಿ ನೋಡವ್ವಾ’ ಅಂತ ನೀವೇ ಮೊದಲು ತೋರಿಸಬೇಡಿ.

ಹಾವೇರಿ ಅವ್ವನ ಮಗ

ಆತ್ರಿ ಅಕ್ಕಾರ. ಈ ಮಾತು ಅವ್ವಗೂ ಓದಿ ಹೇಳಿದೆ. ‘ಯಾವಾಗ ಹೋಗೂದು’ ಅಂದ್ಲು.

ಗುಡ್ಡದ ಗಾಳಿ

ಮಾಸ್ತರು ಹೇಳಿದ ಡಬ್ಬಿ ಇಲ್ಲದ ಬಗೆ ನನಗ ಒಪ್ಪಿಗಿ ಐತಿ. ಆದರ ಪ್ರಶ್ನೆ ಬರಿಯೂದಕ್ಕ ಮೊದಲ ಅರಣ್ಯ ಇಲಾಖೆ ಕಚೇರಿಗೆ ಬರವಣಿಗೆಯಲ್ಲಿ ಕೇಳೂಣು. ರಸ್ತೆ ಬದಿ ಅಂತ ನಾವ ತೀರ್ಮಾನ ಮಾಡೂದು ಬ್ಯಾಡ. ಮಳಿಗಾಲ, ಚಳಿಗಾಲ ಅಷ್ಟೇ ತೆರೆದಿರಲಿ, ಬೇಸಿಗಿಯೊಳಗ ಪುಟ ಮುಚ್ಚಿಬಿಡೂಣು, ಬೆಂಕಿ ಕಾಲ. ಅದನ್ನ ನೋಡಿಕೊಳ್ಳೂ ಕೆಲಸ ನನಗ ಕೊಡ್ರಿ.

ಲಕ್ಕುಂಡಿ ಹುಡುಗ

ಹಾಗಿದ್ದರೆ ನನ್ನದೂ ಒಂದು ಸಲಹೆ. ಹಲವು ಹಂತದ ಬಗೆ ಇದೆಯಲ್ಲ, ಮೊದಲ ಜಾಗದಲ್ಲಿ ಒಂದು ಎಣಿಕೆ, ಅದರಿಂದ ಕೊನೆಯ ಜಾಗದ ಅಂಕಿ ಲೆಕ್ಕ ಹಾಕುವುದು. ಮೊದಲ ಹಂತ ಡಂಬಳದ ಗುಡಿ, ಅಲ್ಲಿ ಏನೂ ಇಡುವುದಿಲ್ಲ, ನೋಡಿ ಎಣಿಸುವುದು ಅಷ್ಟೇ. 24ನ್ನೇ ಕೇಳಿದರೆ ಮನೆಯಲ್ಲೇ ಕುಳಿತು ಹುಡುಕಿ ಬರೆಯುತ್ತಾರೆ, ಸ್ಥಳಕ್ಕೆ ಬಂದವರಿಗೆ ಮಾತ್ರ ಕಾಣುವಂಥದ್ದನ್ನು ಕೇಳಬೇಕು. ಕೊನೆಯ ಡಬ್ಬಿ ಒಪ್ಪಿಗೆ ಕೊಟ್ಟ ರೈತರ ಹೊಲದಲ್ಲಿ. ಈಗಿರುವ ಡಬ್ಬಿಯಿಂದ 161 ಮೀಟರ್ ದೂರ ಇರಬೇಕು ಅನ್ನುವ ನಿಯಮ ನೆನಪಿರಲಿ. ಮುಚ್ಚಳದ ಮೇಲಿನ ಕನ್ನಡ ಬರಹ ನಾನು ಬರೆದುಕೊಡುತ್ತೇನೆ.

ಮಸಾರಿ ಮಗಳು, ಗದಗ

ಅಪ್ಪನಿಗೆ ಇದನ್ನೆಲ್ಲ ಓದಿ ಹೇಳಿದೆ. 161 ಮೀಟರ್ ಅಂದರೆ ಹದಿನಾರು ಸರಪಳಿ, ಅಂತ ತಕ್ಷಣ ಹೇಳಿದರು. ಲೆಕ್ಕ ಹಾಕಿ ನೋಡಿದೆ, ಸರಿಯಾಗಿ ಬರುತ್ತದೆ. ಅವರು ಎರಡು ಷರತ್ತು ಹಾಕಿದ್ದಾರೆ. ಹೊಲದವರ ಒಪ್ಪಿಗೆಯನ್ನು ಬಾಯಿಮಾತಲ್ಲಿ ಮಾತ್ರ ತೆಗೆದುಕೊಳ್ಳಬಾರದು, ಹಾಳೆಯ ಮೇಲೆ ಸಹಿ ಇರಬೇಕು, ಅವರ ಅಣ್ತಮ್ಮಂದಿರ ಹಿಸ್ಸೆ ಅದರಲ್ಲಿ ಇದ್ದರೆ ಅವರದ್ದೂ. ಎರಡನೆಯದು, ಬಾಂದುಕಲ್ಲಿನ ಬುಡದಲ್ಲಿ, ಅದರ ಸುತ್ತ ಎಲ್ಲೂ ಡಬ್ಬಿ ಇಡಬಾರದು. ಹುಡುಕುವ ಭರದಲ್ಲಿ ಕಲ್ಲು ಅಲುಗಾಡಿದರೆ ಎರಡು ಮನೆಗಳ ನಡುವೆ ವರ್ಷಗಟ್ಟಲೆ ಕೋರ್ಟು.

ಕುರಿ ಕಾಯುವ ಹಿರಿಯರನ್ನೂ ಜಾಗ ಆರಿಸುವಾಗ ಕರೆಯಬೇಕು ಅಂತ ಅಪ್ಪನ ಅಭಿಪ್ರಾಯ, ಯಾಕೆಂದರೆ ದಿನಾ ಅಲ್ಲಿ ಇರುವವರು ಅವರೇ. ಬರುವವರು ಇಲ್ಲೇ ಹೆಸರು ಹೇಳಿ. ಗದಗ ಹಳೇ ಬಸ್ ನಿಲ್ದಾಣದ ಹತ್ತಿರ ಬೆಳಿಗ್ಗೆ ಏಳಕ್ಕೆ ಸೇರೋಣ, ಬುತ್ತಿ ನೀವೇ ತರಬೇಕು, ನೀರು ಹೆಚ್ಚಿಗೆ ಇರಲಿ. ಹಾವೇರಿಯವರು ಅವ್ವನ್ನ ಕರೆದುಕೊಂಡು ಬಂದರೆ ನಮ್ಮವ್ವನೂ ಬರುತ್ತಾರೆ, ಅವರಿಬ್ಬರಿಗೆ ಡಂಬಳದ ಹಂತ.